ಹಳೆಯ ಜೀಪು ಕೊಳ್ಳುವ ಮುನ್ನ ನೋಡಬೇಕಾದದ್ದು

ಅಡಿಕೆ ಧಾರಣೆ ಸ್ವಲ್ಪ ಚೇತರಿಸಿದ ವರ್ಷ, ಕಾಫಿಯ ಹಣ ಕೈಸೇರಿದ ತಿಂಗಳು, ನಮ್ಮ ಸದಸ್ಯರಲ್ಲಿ ಹಲವರ ಮನಸ್ಸು ವಾಹನದ ಕಡೆಗೆ ಹೋಗುವುದು ಸಹಜ. ಹೊಸದರ ಬೆಲೆ ಮೂರು-ನಾಲ್ಕು ಎಕರೆಯ ಹಿಡುವಳಿದಾರನ ಕೈಗೆ ನಿಲುಕುವಂಥದಲ್ಲವಾದ್ದರಿಂದ ಹಳೆಯದನ್ನೇ ಹುಡುಕಬೇಕಾಗುತ್ತದೆ. ಈಗಿನವರು ಎಸ್‌ಯುವಿ ಎನ್ನುವುದನ್ನು ನಮ್ಮ ಕಡೆ ಯಾವ ಕಂಪನಿಯದಾದರೂ ಜೀಪು ಎಂದೇ ಕರೆಯುವುದು ವಾಡಿಕೆ. ಈ ಲೇಖನದಲ್ಲಿಯೂ ಹಾಗೆಯೇ ಕರೆದಿದ್ದೇನೆ.

ನಾನು ಮೆಕ್ಯಾನಿಕ್ ಅಲ್ಲ. ನಾಲ್ಕು ಎಕರೆ ಅಡಿಕೆ, ಅದರ ನಡುವೆ ಕಾಫಿ ಇರುವ ಒಬ್ಬ ಸಾಮಾನ್ಯ ಬೆಳೆಗಾರ. ಒಮ್ಮೆ ಮೋಸಹೋಗಿ, ಇನ್ನೊಮ್ಮೆ ಹೋಗಲಿದ್ದವನು ಉಳಿದುಕೊಂಡೆ. ಬರೆಯಲು ಅಷ್ಟೇ ಅರ್ಹತೆ.

2011ರಲ್ಲಿ ಮೊದಲ ಜೀಪು ಕೊಂಡಾಗ ನಾನು ನೋಡಿದ್ದು ಎರಡೇ: ಬಣ್ಣ ಮತ್ತು ಟೈರು. ಎರಡೂ ಹೊಸದಾಗಿದ್ದವು. ಮುಂದಿನ ವರ್ಷ ಕೊಯ್ಲಿನ ಕಾಲದಲ್ಲಿ ಕೊನೆ ತೆಗೆಯುತ್ತಿದ್ದ ಆಳು ಮರದಿಂದ ಬಿದ್ದ. ಸೊಂಟದ ಕೆಳಗೆ ಮುಟ್ಟಿದರೆ ಗೊತ್ತಾಗುತ್ತಿಲ್ಲ ಎಂದ. ಹಲಗೆಯ ಮೇಲೆ ಮಲಗಿಸಿ ಜೀಪಿಗೆ ಹಾಕಿಕೊಂಡು ಮಣಿಪಾಲಕ್ಕೆ ಹೊರಟೆವು. ಆಗುಂಬೆಗೆ ಇನ್ನೂ ಮೂರು ಮೈಲಿ ಇರುವಾಗ ಏರಿನಲ್ಲಿ ಎಂಜಿನ್ ಕುದಿದು ನಿಂತಿತು. ಘಾಟಿ ಇಳಿಯುವುದು ಇನ್ನೂ ಬಾಕಿ. ಮುಕ್ಕಾಲು ಗಂಟೆ ಕಾದು, ಬಂದ ಒಂದು ವ್ಯಾನಿಗೆ ಅವನನ್ನು ನಾಲ್ವರು ಎತ್ತಿ ಹಾಕಿದೆವು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಾಗೆ ಎತ್ತಿ ಹಾಕಬಾರದಾಗಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆತ ಬದುಕಿದ್ದಾನೆ, ಊರುಗೋಲು ಹಿಡಿದು ನಡೆಯುತ್ತಾನೆ. ಬಿದ್ದದ್ದರಿಂದಲೇ ಹೀಗಾಯಿತೋ, ನಾವು ಎತ್ತಿದ್ದರಿಂದ ಹೆಚ್ಚಾಯಿತೋ ಯಾರೂ ಹೇಳಲಾರರು. ಜೀಪಿನ ರೇಡಿಯೇಟರ್ ಬಿಚ್ಚಿದಾಗ, ಸೋರಿಕೆ ಮುಚ್ಚಲೆಂದು ಮಾರಿದವರು ಸುರಿದಿದ್ದ ಯಾವುದೋ ಪುಡಿ ಗಟ್ಟಿಯಾಗಿ ಅರ್ಧಕ್ಕರ್ಧ ಕೊಳವೆಗಳು ಕಟ್ಟಿಹೋಗಿದ್ದುವು.

ಗಾಡಿ ಯಾವ ನೀರು ಕುಡಿದು ಬೆಳೆದದ್ದು

ದನ ಕೊಳ್ಳುವಾಗ ಯಾವ ಸೀಮೆಯದು ಎಂದು ಕೇಳುವ ನಾವು ಗಾಡಿ ಕೊಳ್ಳುವಾಗ ಅದನ್ನು ಕೇಳುವುದಿಲ್ಲ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಬೊಲೆರೊಗಳು ಒಂದು ಕರಾವಳಿಯಲ್ಲಿ, ಇನ್ನೊಂದು ಬಯಲುಸೀಮೆಯಲ್ಲಿ ಹತ್ತು ವರ್ಷ ಓಡಿದ್ದರೆ ಅವು ಬೇರೆ ಬೇರೆ ಗಾಡಿಗಳೇ ಸರಿ. ನೋಂದಣಿ ಸಂಖ್ಯೆ ಇದಕ್ಕೆ ಮೊದಲ ಸುಳಿವು. 19, 20, 21 ಎಂದರೆ ಮಂಗಳೂರು, ಉಡುಪಿ, ಪುತ್ತೂರು, 18 ಚಿಕ್ಕಮಗಳೂರು, 12 ಮಡಿಕೇರಿ, 40 ಚಿಕ್ಕಬಳ್ಳಾಪುರ, 67 ಚಿಂತಾಮಣಿ. ಆದರೆ ಸಂಖ್ಯೆ ಹೇಳುವುದು ಗಾಡಿ ನೋಂದಣಿಯಾದ ಊರನ್ನು ಮಾತ್ರ, ಓಡಿದ ಊರನ್ನಲ್ಲ.

ಕರಾವಳಿಯ ಗಾಡಿಗೆ ಉಪ್ಪುಗಾಳಿಯ ತುಕ್ಕು. ಅದು ಬಾಗಿಲಿನ ಅಡಿಯಂಚಿನಲ್ಲಿ, ಚಾಸಿಸ್ಸಿನ ಒಳಮೈಯಲ್ಲಿ ಕೂತಿರುತ್ತದೆ. ನಮ್ಮ ಮಲೆನಾಡಿನದಕ್ಕೆ ಮಳೆಯ ಕೆಸರಿನ ಜೊತೆಗೆ ನಾವೇ ತಂದುಹಾಕುವ ಇನ್ನೊಂದು ಕಾಟವಿದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಕಾಲದಲ್ಲಿ ಮೈಲುತುತ್ತಿನ ಚೀಲ, ಡ್ರಮ್ಮು ಎಲ್ಲವೂ ಜೀಪಿನ ಹಿಂಭಾಗದಲ್ಲೇ. ಮೈಲುತುತ್ತಿನ ದ್ರಾವಣ ಕಬ್ಬಿಣವನ್ನು ತಿನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕಾಗಿಯೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸುವುದಿಲ್ಲ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಮಾಡುವುದೂ ಸಮುದ್ರದ ಉಪ್ಪಿನ ಕೆಲಸವನ್ನೇ. ಆದಕಾರಣ ತೋಟದವರ ಜೀಪು ಕೊಳ್ಳುವುದಾದರೆ ಮೊದಲು ಹಿಂಬದಿಯ ಮ್ಯಾಟು ಎತ್ತಿಸಿ, ಸ್ಕ್ರೂ ಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ ಹೋಗಬೇಕು. ಗಟ್ಟಿ ತಗಡಿನ ಸದ್ದು ಬೇರೆ, ಬಣ್ಣದಡಿ ಕೊಳೆತದ್ದರ ಸದ್ದು ಬೇರೆ. ಮ್ಯಾಟು ಎತ್ತಲು ಮಾಲೀಕರು ಅನುಮಾನಿಸಿದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

2018ರ ಆಗಸ್ಟ್ ತಿಂಗಳ ಕೊಡಗು-ಕೇರಳದ ಪ್ರವಾಹದಲ್ಲಿ ಮುಳುಗಿದ ಗಾಡಿಗಳು ದೂರದ ಊರುಗಳಲ್ಲಿ ತೊಳೆದು ಒರೆಸಿ ಮಾರಾಟಕ್ಕೆ ಬಂದದ್ದುಂಟು. ಇದನ್ನು ಕಂಡುಹಿಡಿಯಲು ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಹೊರಕ್ಕೆ ಎಳೆಯಿರಿ. ಸೀಟು ತೊಳೆಯುವವರು ಸುರುಳಿಯ ಒಳಗಿನ ಬೆಲ್ಟನ್ನು ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನಡಿಯ ಹಳಿಗಳ ತುಕ್ಕು, ದೀಪದ ಗಾಜಿನೊಳಗಿನ ಮಬ್ಬು, ಮುಚ್ಚಿಟ್ಟ ಗಾಡಿ ತೆರೆದಾಗ ಬರುವ ಮುಗ್ಗಲು ವಾಸನೆ, ಇವೂ ಸಾಕ್ಷಿಗಳೇ.

ಇಷ್ಟೆಲ್ಲ ಲೆಕ್ಕ ಹಾಕಿ, ಎರಡನೇ ಸಲ ಬಯಲುಸೀಮೆಯ ಗಾಡಿಯೇ ಸರಿ ಎಂದು ತೀರ್ಮಾನಿಸಿದೆ. ನನ್ನ ಭಾವಮೈದುನ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾನೆ. "ಭಾವ, ಇಲ್ಲೊಂದು ಫೋರ್ ವೀಲ್ ಬೊಲೆರೊ ಇದೆ, ತುಕ್ಕಿನ ಚುಕ್ಕೆಯೂ ಇಲ್ಲ, ಬನ್ನಿ" ಎಂದು ಫೋನು ಮಾಡಿದ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಗೌರಿಬಿದನೂರಿನ ಕಡೆ ಅದರ ಹತ್ತನೇ ಒಂದು ಪಾಲು ಬಿದ್ದರೆ ಹೆಚ್ಚು. ತುಕ್ಕು ಇರಲಾರದು ಎಂದು ನಂಬಿ ಹೋದೆ. ತುಕ್ಕು ಇರಲಿಲ್ಲ, ನಿಜ.

ಆದರೆ ಅಲ್ಲಿಯ ಗಾಡಿಗೆ ಅಲ್ಲಿಯದೇ ಆದ ಎರಡು ರೋಗಗಳಿವೆಯೆಂದು ಗೌರಿಬಿದನೂರಿನ ಒಬ್ಬ ವಯಸ್ಸಾದ ಮೇಸ್ತ್ರಿ ನನಗೆ ಹೇಳಿಕೊಟ್ಟರು. ಗಾಡಿ ನೋಡಿಕೊಡಲು ಅವರಿಗೆ ನಾನು ಕೊಟ್ಟದ್ದು 1,000 ರೂಪಾಯಿ. ಒಂದು ಚೀಲ ಗೊಬ್ಬರದ ದುಡ್ಡು ಉಳಿಸಲು ಹೋಗಿ ಲಕ್ಷಗಟ್ಟಲೆ ಕಳೆದುಕೊಳ್ಳುವ ಜಾಣತನ ನಮ್ಮಲ್ಲಿ ಬಹಳ. ಮಾರುವವರಿಗೆ ಪರಿಚಯವಿಲ್ಲದ ಮೇಸ್ತ್ರಿಯನ್ನು ನೀವೇ ಹುಡುಕಿಕೊಳ್ಳಬೇಕು ಎಂಬುದಷ್ಟೇ ಇಲ್ಲಿ ಷರತ್ತು.

ಒಂದನೆಯದು ಧೂಳು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಲ್ಲುಗಣಿ, ಕ್ರಷರುಗಳು ಬಹಳ. ಅಲ್ಲಿ ಓಡಾಡಿದ ಗಾಡಿಯ ಏರ್ ಫಿಲ್ಟರ್ ಸಕಾಲಕ್ಕೆ ಬದಲಾಗದಿದ್ದರೆ ಕಲ್ಲುಪುಡಿ ಎಂಜಿನ್ನಿಗೆ ಹೋಗಿ ಪಿಸ್ಟನ್ ರಿಂಗನ್ನು ಮರಳುಕಾಗದದಂತೆ ಉಜ್ಜಿಬಿಡುತ್ತದೆ. ಎರಡನೆಯದು ನೀರು. ನಮ್ಮಲ್ಲಿ ಹಳ್ಳದ ನೀರು ಮೆದು. ಅಲ್ಲಿ ನೂರಾರು ಅಡಿ ಆಳದ ಕೊಳವೆಬಾವಿಯಿಂದ ಬರುವ, ಫ್ಲೋರೈಡ್ ಮತ್ತು ಇತರ ಲವಣಗಳು ಹೆಚ್ಚಿರುವ ಗಡಸು ನೀರು. ಕೂಲೆಂಟಿನ ಬದಲು ಅದನ್ನೇ ರೇಡಿಯೇಟರಿಗೆ ಸುರಿಯುತ್ತ ಬಂದರೆ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿಯ ಗಾರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ತಣ್ಣಗಿನ ಎಂಜಿನ್ನು

ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು, ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಬೇಕು. ನಾವು ಹೋದಾಗ ಮೇಸ್ತ್ರಿ ಮಾತಿಗೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಸ್ವಾಮಿ, ಇದನ್ನ ಆಗಲೇ ಒಂದು ಸಲ ಸ್ಟಾರ್ಟ್ ಮಾಡಿದ್ದಾರೆ, ನಾಳೆ ಬರೋಣ" ಎಂದು ತಿರುಗಿ ನಡೆದೇಬಿಟ್ಟರು. ನನಗೆ ಸಂಕೋಚವಾಯಿತು. ಆದರೆ ಬಿಸಿ ಎಂಜಿನ್ನು ತನ್ನ ಕಷ್ಟವನ್ನು ಹೇಳಿಕೊಳ್ಳುವುದಿಲ್ಲ. ರಾತ್ರಿಯೆಲ್ಲ ನಿಂತ ಡೀಸೆಲ್ ಎಂಜಿನ್ ಬೆಳಗಿನ ಚಳಿಯಲ್ಲಿ ಒಂದೆರಡು ಸುತ್ತಿಗೆ ಹೊತ್ತಿಕೊಂಡರೆ ಬ್ಯಾಟರಿ, ಇಂಜೆಕ್ಟರು, ಕಂಪ್ರೆಷನ್ ಮೂರೂ ಬಹುಮಟ್ಟಿಗೆ ನೆಟ್ಟಗಿವೆ ಎಂದರ್ಥ.

ಮಾರನೆಯ ದಿನ ಆರೂವರೆಗೆ ಹೋದೆವು. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದೆವು. ಕಪ್ಪಗಿದ್ದರೆ ಹೆದರಬೇಕಾಗಿಲ್ಲ, ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುತ್ತದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಮಾತ್ರ ನೀರು ಸೇರಿದೆ ಎಂದು ತಿಳಿದು ಅಲ್ಲಿಂದ ಹೊರಡಬಹುದು. ಅನಂತರ ರೇಡಿಯೇಟರಿನ ಮುಚ್ಚಳ. ಇದನ್ನು ತಣ್ಣಗಿದ್ದಾಗ ಮಾತ್ರ ತೆರೆಯತಕ್ಕದ್ದು. ಬಿಸಿಯಿದ್ದಾಗ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಟಾರ್ಚು ಬಿಟ್ಟು ನೋಡಿದರೆ ಒಳಗೆ ಹಸಿರೋ ಕೆಂಪೋ ಕೂಲೆಂಟ್ ಕಾಣಬೇಕು. ನಮಗೆ ಕಂಡದ್ದು ಹೊಚ್ಚಹೊಸ ಹಸಿರು ಕೂಲೆಂಟು, ಅದರ ಕೆಳಗೆ ಕೊಳವೆಗಳ ಬಾಯಿಯಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ.

ಮೇಸ್ತ್ರಿ ಏನೂ ಹೇಳಲಿಲ್ಲ. ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡಿಸಿ, ನೀರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಹಾಗೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಏಳಲಿಲ್ಲ. ಆಮೇಲೆ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ಅಂಗೈ ಹಿಡಿದರು. ಸ್ವಲ್ಪ ಆವಿ ಎಲ್ಲ ಎಂಜಿನ್ನಿನಲ್ಲೂ ಬರುತ್ತದೆ. ಬೀಡಿ ಸೇದುವವನ ಬಾಯಿಯಂತೆ ಪುಸುಪುಸು ಹೊಗೆ ಒತ್ತಿ ಬಂದರೆ ರಿಂಗು ಸವೆದಿದೆ, ಕಲ್ಲುಪುಡಿ ತನ್ನ ಕೆಲಸ ಮಾಡಿದೆ. ಈ ಗಾಡಿಯಲ್ಲಿ ಅಷ್ಟಿರಲಿಲ್ಲ.

ಸೈಲೆನ್ಸರಿನ ಹೊಗೆಯ ಬಗ್ಗೆ ಒಂದೆರಡು ಮಾತು ಸಾಕು. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪಾದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಬಿಳಿಯ ಹೊಗೆ ಚಳಿಯಲ್ಲಿ ಅರೆಕ್ಷಣ ಬಂದು ಹೋದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಬರುತ್ತಿದ್ದರೆ ಸುಡದ ಡೀಸೆಲ್ಲೋ ನೀರೋ ಹೊರಬರುತ್ತಿದೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳೆಲ್ಲ ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತದೇ ಇರುವ ದೀಪ ಆರದಿರುವ ದೀಪಕ್ಕಿಂತ ಹೆಚ್ಚು ಅನುಮಾನಕ್ಕೆ ಅರ್ಹ, ಯಾರೋ ಕಳಚಿಟ್ಟಿದ್ದಾರೆ.

ಏರಿನ ಪರೀಕ್ಷೆ

ಊರಿನ ಸುತ್ತ ಹತ್ತು ಕಿಲೋಮೀಟರು ಓಡಿಸಿದೆ. ಗಾಡಿ ಬೆಣ್ಣೆಯಂತೆ ಹೋಯಿತು. ನಾನು ಮನಸ್ಸಿನಲ್ಲೇ ಮುಂಗಡ ಎಣಿಸುತ್ತಿದ್ದೆ. ಮೇಸ್ತ್ರಿ ಮಾತ್ರ ಬಿಸಿಯ ಮುಳ್ಳನ್ನೇ ನೋಡುತ್ತಿದ್ದರು. ಅದು ತಳದಿಂದ ಅಲುಗಿರಲಿಲ್ಲ. "ಹತ್ತು ಕಿಲೋಮೀಟರ್ ಆದ್ರೂ ಮುಳ್ಳು ಏಳಲಿಲ್ಲ ಅಂದ್ರೆ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದಾರೆ ಸ್ವಾಮಿ" ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ 80-90 ಡಿಗ್ರಿಯ ಹದಕ್ಕೆ ಬರುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಬಾಗಿಲೇ ಥರ್ಮೋಸ್ಟಾಟ್. ರೇಡಿಯೇಟರ್ ಅರ್ಧ ಕಟ್ಟಿದ ಗಾಡಿ ಬಿಸಿಯಾಗತೊಡಗಿದಾಗ, ಅದನ್ನು ಶುಚಿಮಾಡಿಸುವ ಬದಲು ಈ ಬಾಗಿಲನ್ನೇ ಕಿತ್ತುಹಾಕುತ್ತಾರೆ. ಆಗ ನೀರು ಸದಾ ಸುತ್ತುತ್ತಿರುವುದರಿಂದ ಬಯಲಿನ ರಸ್ತೆಯಲ್ಲಿ ಗಾಡಿ ತಣ್ಣಗೇ ಇರುತ್ತದೆ. ಉಳಿದಿರುವ ಅರ್ಧ ಕೊಳವೆಗಳು ಸಮತಟ್ಟಿಗೆ ಸಾಕು. ಏರಿಗೆ, ಹೊರೆಗೆ ಸಾಲವು. ಕುಡುಮಲಕುಂಟೆಯಲ್ಲಿದ್ದವರಿಗೆ ಆ ಗಾಡಿಯಿಂದ ಎಂದೂ ತೊಂದರೆಯಾಗಿರಲಾರದು. ಮಾರುವವರು ಸುಳ್ಳು ಹೇಳಿದರೆಂದು ನಾನು ಈಗಲೂ ಹೇಳುವುದಿಲ್ಲ. ಅವರ ರಸ್ತೆಗೆ ಅದು ಒಳ್ಳೆಯ ಗಾಡಿಯೇ ಆಗಿತ್ತು.

ಆರು ಜನ ಹತ್ತಿಕೊಂಡು ನಂದಿಬೆಟ್ಟದ ತಿರುವುಗಳ ಕಡೆಗೆ ಹೊರಟೆವು. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರು. ಪರೀಕ್ಷೆಗೆ ಅದಕ್ಕಿಂತ ಹತ್ತಿರದ ಏರು ಇರಲಿಲ್ಲ. ಎರಡನೇ ಗೇರಿನಲ್ಲಿ ಅರ್ಧ ಬೆಟ್ಟ ಹತ್ತುವಷ್ಟರಲ್ಲಿ, ಅಲ್ಲಿಯವರೆಗೆ ಮಲಗಿದ್ದ ಮುಳ್ಳು ಎದ್ದು ಕೆಂಪು ಗೆರೆಯ ಹತ್ತಿರ ಬಂತು. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ, ಮೇಸ್ತ್ರಿ ಹೇಳಿದಂತೆ ರೇಡಿಯೇಟರಿನ ಮುಖದ ಹತ್ತಿರ ಅಂಗೈ ಆಡಿಸಿದೆ. ಒಂದು ಕಡೆ ಕೆಂಡ, ಪಕ್ಕದ ಒಂದು ಗೇಣಗಲ ತಣ್ಣಗೆ. ತಣ್ಣಗಿದ್ದ ಜಾಗದಲ್ಲಿ ನೀರು ಹರಿಯುತ್ತಲೇ ಇಲ್ಲ. ನನಗೆ ಆಗುಂಬೆಯ ದಾರಿ ನೆನಪಾಗಿ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕುಳಿತೆ.

ನಿಮ್ಮ ತೋಟದ ದಾರಿಗೆ ಹೋಲುವ ದಾರಿಯಲ್ಲಿ, ನೀವು ಹೊರಿಸುವಷ್ಟು ಹೊರೆ ಹೊರಿಸಿ ಓಡಿಸದ ಹೊರತು ಗಾಡಿ ನೋಡಿದಂತಾಗುವುದಿಲ್ಲ. ಅದೇ ಏರಿನಲ್ಲಿ ಕ್ಲಚ್ಚಿನ ಪರೀಕ್ಷೆಯೂ ಆಗುತ್ತದೆ: ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಮುಗಿದಿದೆ. ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತ ಕೆಳಗೆ ಹೋಗುತ್ತದೆಯೇ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ ಗಮನಿಸಿ. ಘಾಟಿ ಇಳಿಯುವ ನಮಗೆ ಬ್ರೇಕಿನ ವಿಷಯದಲ್ಲಿ ರಾಜಿ ಕೂಡದು.

ಫೋರ್ ವೀಲ್ ಗಾಡಿಯಾದರೆ ಇನ್ನೊಂದು ಎಚ್ಚರ. ಬಯಲುಸೀಮೆಯವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ವರ್ಷಗಟ್ಟಲೆ ಹಾಕದ ಸನ್ನೆ ಹಿಡಿದುಕೊಂಡಿರುತ್ತದೆ, ಟ್ರಾನ್ಸ್‌ಫರ್ ಕೇಸಿನ ಆಯಿಲ್ ಕಂಪನಿಯಿಂದ ಬಂದದ್ದೇ ಇರುತ್ತದೆ. ಇದನ್ನು ಡಾಂಬರಿನ ಮೇಲೆ ಪರೀಕ್ಷಿಸಬಾರದು. ಇಂಥ ಗಾಡಿಗಳಲ್ಲಿ ಹಿಂದು ಮುಂದಿನ ಚಕ್ರಗಳು ಒಂದೇ ವೇಗದಲ್ಲಿ ತಿರುಗಲೇಬೇಕಾದ್ದರಿಂದ ಗಟ್ಟಿ ನೆಲದ ತಿರುವಿನಲ್ಲಿ ಗೇರುಗಳಿಗೇ ಬಿಗಿತ ಬೀಳುತ್ತದೆ. ನಾವು ಒಣಗಿದ ಕೆರೆಯಂಗಳಕ್ಕೆ ಇಳಿಸಿದೆವು. ಬಯಲುಸೀಮೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಸನ್ನೆ ಎರಡು ಕೈ ಹಚ್ಚಿದ ಮೇಲೆ ಬಿತ್ತು, ಮುಂದಿನ ಚಕ್ರ ಮಣ್ಣನ್ನು ಎಳೆಯಿತು, ಕಟಕಟ ಸದ್ದು ಬರಲಿಲ್ಲ. ಅಷ್ಟು ಸಾಕೆಂದರು ಮೇಸ್ತ್ರಿ.

ಉಳಿದವು ಬೇಗ ಮುಗಿಯುವಂಥವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. 2319 ಎಂದರೆ 2019ರ 23ನೇ ವಾರದ್ದು. ಐದು ಟೈರುಗಳಲ್ಲಿ ಐದು ಬೇರೆ ತಾರೀಖಿದ್ದರೆ ಕಾರಣ ಕೇಳಿ. ಜಾಕ್ ಎತ್ತಿ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಸಡಿಲ ಬೇರಿಂಗು, ಬಾಲ್ ಜಾಯಿಂಟು ತಿಳಿಯುತ್ತವೆ. ಪಟ್ಟೆ ಸ್ಪ್ರಿಂಗುಗಳಲ್ಲಿ ಬಿರುಕು, ಚಾಸಿಸ್ಸಿನ ಮೇಲೆ ವೆಲ್ಡಿಂಗ್ ಗುರುತು ಹುಡುಕಬೇಕು. ಚಾಸಿಸ್ ಬೆಸೆದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಮೀಟರು 60,000 ತೋರಿಸುತ್ತ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ಪೆಡಲನ್ನು ನಂಬಿ.

2020ರ ಏಪ್ರಿಲ್ 1ರ ನಂತರದ ಬಿಎಸ್ 6 ಡೀಸೆಲ್ ಗಾಡಿ ಕೊಳ್ಳುವವರಿಗೆ ಒಂದು ಮಾತು. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಬಿರುಸಾಗಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಎಂದು ದಿನವೆಲ್ಲ ಒಂದನೇ ಗೇರಿನಲ್ಲಿ ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಬದಲಾಯಿಸುವ ಖರ್ಚು ದೊಡ್ಡದು. ತೋಟದೊಳಗಿನ ಕೆಲಸವೇ ಹೆಚ್ಚಿರುವವರಿಗೆ ಅದಕ್ಕಿಂತ ಹಿಂದಿನ ಗಾಡಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಕಾಗದ ಪತ್ರ

ಎಂಜಿನ್ನಿನಷ್ಟೇ ಜಾಗರೂಕತೆ ಇಲ್ಲೂ ಬೇಕು. ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಂಕೆ ಅಂಕೆಯಾಗಿ ತಾಳೆ ನೋಡಿ. ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ವಿಮೆಯ ಅವಧಿ, ಸಾಲದ ನಮೂದು ತಿಳಿಯುತ್ತವೆ, ಬಾಕಿ ದಂಡವನ್ನೂ ಅಲ್ಲೇ ನೋಡಬಹುದು. ಮನೆಯ ಮಕ್ಕಳು ಎರಡು ನಿಮಿಷದಲ್ಲಿ ನೋಡಿಕೊಡುತ್ತಾರೆ. ನಾನು ನೋಡಿದ ಗಾಡಿಯ ಸಾಲ ಎಂದೋ ತೀರಿತ್ತು, ಆದರೆ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೊಟ್ಟು ಅದನ್ನು ತೆಗೆಸದೆ ಹೆಸರು ಬದಲಾಗುವುದಿಲ್ಲ.

ಗೌರಿಬಿದನೂರು ಆಂಧ್ರದ ಗಡಿಗೆ ಹೊಂದಿಕೊಂಡ ತಾಲ್ಲೂಕು, ಹಿಂದೂಪುರ ಅಲ್ಲಿಗೆ ಹತ್ತಿರ. ಹಾಗಾಗಿ ಎ.ಪಿ. ಸಂಖ್ಯೆಯ ಗಾಡಿಗಳೂ ಅಲ್ಲಿ ಮಾರಾಟಕ್ಕೆ ಸಿಗುತ್ತವೆ, ಬೆಲೆಯೂ ಕಡಿಮೆ. ದೆಹಲಿಯ ಗಾಡಿಗಳ ಕಥೆಯೂ ಅದೇ: 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳನ್ನು ತಡೆದ ಮೇಲೆ ಅವು ಅಗ್ಗಕ್ಕೆ ದೇಶವೆಲ್ಲ ಹರಡಿದವು. ಹೊರರಾಜ್ಯದ ಗಾಡಿಗೆ ಅಲ್ಲಿಯ ಆರ್.ಟಿ.ಓ.ದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯುವುದು ಅಪರೂಪ. ಹಳದಿ ಬೋರ್ಡಿನ ಗಾಡಿಯನ್ನು ಬಿಳಿ ಬೋರ್ಡಿಗೆ ಮಾಡಿಸಿಕೊಡುತ್ತೇವೆ ಎಂಬ ಮಾತನ್ನು, ಮಾಡಿಸಿಕೊಟ್ಟ ಮೇಲೆಯೇ ನಂಬುವುದು.

ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇದರ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಮತ್ತೂ ಹೆಚ್ಚಿಸಲಾಯಿತು. ಹದಿನಾಲ್ಕು ವರ್ಷದ ಗಾಡಿಗೆ ಬೆಲೆ ಕಟ್ಟುವಾಗ ಇದು ನೆನಪಿರಲಿ.

ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆಯ 50ನೇ ಕಲಮು ಹೇಳುತ್ತದೆ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಇದು ಮಾರುವ ಸದಸ್ಯರಿಗೂ ಅನ್ವಯಿಸುತ್ತದೆ. ಕೀ ಕೊಟ್ಟು ಹಣ ಎಣಿಸಿಕೊಂಡರೆ ಮುಗಿಯಿತೆಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಆ ಮೊಕದ್ದಮೆಯಲ್ಲಿ ಗಾಡಿ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆರ್.ಸಿ. ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು.

ಬೊಲೆರೊವನ್ನು ಕೊನೆಗೆ ನಾನೇ ಕೊಂಡೆ. ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಎಲ್ಲ ಆಯಿಲುಗಳು, ಫ್ಯಾನ್ ಬೆಲ್ಟು ಎಂದು ಮೇಸ್ತ್ರಿ ಬರೆದುಕೊಟ್ಟ ಪಟ್ಟಿಯನ್ನು ಮಾಲೀಕರ ಮುಂದಿಟ್ಟಾಗ ಅವರು ಬೇಸರಪಡದೆ 30,000 ಇಳಿಸಿದರು. ಬ್ಯಾಂಕಿನ ಹೆಸರು ತೆಗೆಸುವವರೆಗೆ 20,000 ರೂಪಾಯಿ ತಡೆಹಿಡಿಯಲೂ ಒಪ್ಪಿದರು, ಅದನ್ನು ಕಾಗದದಲ್ಲಿ ಬರೆದುಕೊಂಡೆವು. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಆರು ಜನರನ್ನು ಕೂರಿಸಿಕೊಂಡು ನಂದಿಗೆ ಹೋದೆವು. ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಈಗ ಅದಕ್ಕೆ ಕೂಲೆಂಟಿನ ಹೊರತು ಬೇರೆ ನೀರು ಹಾಕುವುದಿಲ್ಲ, ಮೈಲುತುತ್ತಿನ ಚೀಲವನ್ನು ದಪ್ಪ ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟೇ ಒಯ್ಯುತ್ತೇವೆ. ಹಿಂದಿನ ಸೀಟನ್ನು ಮಡಿಸಿದರೆ ಒಬ್ಬರು ಉದ್ದಕ್ಕೆ ಮಲಗುವಷ್ಟು ಜಾಗವಾಗುತ್ತದೆ. ಗಾಡಿ ಮನೆಗೆ ಬಂದ ದಿನ ಅದನ್ನು ಅಳೆದು, ಅದಕ್ಕೆ ಸರಿಯಾಗುವ ಹಲಗೆಯೊಂದನ್ನು ಮಾಡಿಸಿ ಕೊಟ್ಟಿಗೆಯಲ್ಲಿಟ್ಟಿದ್ದೇನೆ.